ಹಸಿವಿನ ಜೊತೆ ಜಗಳ ಬೇಡ: ಮೆದುಳಿನ ಕೋಶಗಳ ಲೆಕ್ಕ ತಿಳಿದು ತಿನ್ನುವುದು ಹೇಗೆ

ಡಯಟ್ ಶುರು ಮಾಡಿ ಮೂರು ವಾರ ಆಗಿರುತ್ತದೆ. ಮೊದಲ ವಾರ ಹುಮ್ಮಸ್ಸಿನಲ್ಲೇ ಕಳೆಯುತ್ತದೆ, ಎರಡನೇ ವಾರ ಹೇಗೋ ದಾಟುತ್ತದೆ, ಮೂರನೇ ವಾರಕ್ಕೆ ಬರುವಷ್ಟರಲ್ಲಿ ಏನೇ ಕೆಲಸ ಮಾಡುತ್ತಿದ್ದರೂ ತಲೆಯಲ್ಲಿ ಊಟದ್ದೇ ಯೋಚನೆ. ಒಂದು ರಾತ್ರಿ ತಡೆಯಲಾಗದೆ ಹೊಟ್ಟೆ ಬಿರಿಯುವಷ್ಟು ತಿಂದುಬಿಡುತ್ತೀರಿ. ಬೆಳಗ್ಗೆ ಎದ್ದು "ನನಗೆ ಮನಸ್ಸೇ ಗಟ್ಟಿ ಇಲ್ಲ" ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತೀರಿ.

ಮೊದಲು ಆ ಬೈಗುಳ ನಿಲ್ಲಿಸಿ. ಆ ರಾತ್ರಿ ನಿಮ್ಮನ್ನು ಅಡುಗೆಮನೆಗೆ ಎಳೆದುಕೊಂಡು ಹೋದದ್ದು ಮೆದುಳಿನ ತಳದಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪು. ಅವು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು. ಅವುಗಳಿಗೆ ಯಾವ ಸುದ್ದಿ ತಲುಪುತ್ತದೆ, ಯಾವುದು ತಲುಪುವುದಿಲ್ಲ ಅಂತ ತಿಳಿದರೆ ತಿನ್ನುವುದು, ಮಲಗುವುದು, ತೂಕ ಇಳಿಸುವುದು ಎಲ್ಲವನ್ನೂ ಅವುಗಳಿಗೆ ಒಗ್ಗುವ ಹಾಗೆ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ. ಆದರೆ ಮೊದಲು ಸ್ವಲ್ಪ ವಿಜ್ಞಾನ. ಕಾರಣ ಗೊತ್ತಿಲ್ಲದೆ ಸುಮ್ನೆ ಟಿಪ್ಸ್ ಪಾಲಿಸಿದರೆ ಹತ್ತು ದಿನವೂ ನಡೆಯುವುದಿಲ್ಲ.

ತಲೆಯೊಳಗೆ ಕೂತಿರುವವರು ಯಾರು

ಕಣ್ಣುಗಳ ಹಿಂದೆ, ಮೆದುಳಿನ ತಳದಲ್ಲಿ ಬಾದಾಮಿಯಷ್ಟು ದೊಡ್ಡ ಜಾಗ ಒಂದಿದೆ. ಹೆಸರು ಹೈಪೋಥಾಲಮಸ್. ತೂಕ ಸುಮಾರು 4 ಗ್ರಾಂ. ಬಾಯಾರಿಕೆ, ನಿದ್ದೆ, ಮೈಬಿಸಿ, ಹಸಿವು ಎಲ್ಲದರ ಉಸ್ತುವಾರಿ ಇದರದ್ದೇ. 1940ರಲ್ಲಿ ಹೆದರಿಂಗ್ಟನ್ ಮತ್ತು ರಾನ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಹೈಪೋಥಾಲಮಸ್‌ಗೆ ಗಾಯ ಮಾಡಿ ನೋಡಿದರು. ಇಲಿಗಳು ವಿಪರೀತ ದಪ್ಪಗಾದವು. 1951ರಲ್ಲಿ ಬಾಲ್ ಕ್ರಿಷನ್ ಆನಂದ್ ಮತ್ತು ಜಾನ್ ಬ್ರೋಬೆಕ್ ಅದರ ಪಕ್ಕದ ಭಾಗಕ್ಕೆ ಗಾಯ ಮಾಡಿದಾಗ ಉಲ್ಟಾ ಆಯಿತು. ಇಲಿಗಳು ತಿನ್ನುವುದನ್ನೇ ಬಿಟ್ಟವು, ಎದುರಿಗೆ ಆಹಾರ ಇದ್ದರೂ. ಹಸಿವು ಇರುವುದು ಹೊಟ್ಟೆಯಲ್ಲಿ ಮಾತ್ರ ಅಲ್ಲ ಅಂತ ಅಲ್ಲಿಗೆ ಖಚಿತವಾಯಿತು.

ಹೈಪೋಥಾಲಮಸ್‌ನ ಒಳಗೆ ಆರ್ಕ್ಯುಯೇಟ್ ನ್ಯೂಕ್ಲಿಯಸ್ ಅಂತ ಒಂದು ಮೂಲೆ ಇದೆ. ಮೆದುಳಿನ ಬೇರೆ ಕಡೆ ರಕ್ತನಾಳಗಳ ಗೋಡೆ ತುಂಬ ಬಿಗಿ, ರಕ್ತದಲ್ಲಿರುವ ಎಲ್ಲವನ್ನೂ ಅದು ಒಳಗೆ ಬಿಡುವುದಿಲ್ಲ. ಈ ಮೂಲೆಯ ಹತ್ತಿರ ಮಾತ್ರ ಆ ಗೋಡೆ ಸ್ವಲ್ಪ ಸಡಿಲ. ಹಾಗಾಗಿ ರಕ್ತದಲ್ಲಿ ಬರುವ ಹಾರ್ಮೋನುಗಳ ಸುದ್ದಿ ಇಲ್ಲಿಗೆ ಬೇಗ ತಲುಪುತ್ತದೆ. ಇಲ್ಲಿ ಎರಡು ಬಗೆಯ ನರಕೋಶಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಬಗೆಯದ್ದು ಎಜಿಆರ್‌ಪಿ ಕೋಶಗಳು, ಇವು "ತಿನ್ನು" ಅನ್ನುತ್ತವೆ. ಇನ್ನೊಂದು ಪಿಒಎಂಸಿ ಕೋಶಗಳು, ಇವು "ಸಾಕು" ಅನ್ನುತ್ತವೆ. ಎರಡೂ ಮುಂದೆ ಒಂದೇ ಸ್ವಿಚ್ ಮೇಲೆ ಕೈ ಇಡುತ್ತವೆ. ಅದು ಎಂಸಿ4 ಎಂಬ ಗ್ರಾಹಕ (ರಿಸೆಪ್ಟರ್), ಅಂದರೆ ಕೋಶದ ಮೇಲೆ ಸುದ್ದಿ ಹಿಡಿಯುವ ಅಣು. "ಸಾಕು" ಕೋಶಗಳು ಅದನ್ನು ಒತ್ತುತ್ತವೆ, "ತಿನ್ನು" ಕೋಶಗಳು ಅದನ್ನು ಒತ್ತದ ಹಾಗೆ ತಡೆಯುತ್ತವೆ. ಅಷ್ಟೇ ಅಲ್ಲ, "ತಿನ್ನು" ಕೋಶಗಳು ಪಕ್ಕದ "ಸಾಕು" ಕೋಶಗಳನ್ನು ನೇರವಾಗಿ ಸುಮ್ಮನಿರಿಸುತ್ತವೆ ಕೂಡ. ಆಟ ಸಮಬಲದ್ದಲ್ಲ, ನೋಡಿ.

ಇದು ಎಷ್ಟು ಅಸಮ ಅಂತ 2011ರಲ್ಲಿ ಬೆಳಕಿನಿಂದ ನರಕೋಶಗಳನ್ನು ಚಾಲೂ ಮಾಡುವ ತಂತ್ರದಿಂದ ಗೊತ್ತಾಯಿತು. ಹೊಟ್ಟೆ ತುಂಬಿದ್ದ ಇಲಿಗಳ ಎಜಿಆರ್‌ಪಿ ಕೋಶಗಳನ್ನು ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಅವು ಗಬಗಬ ತಿನ್ನಲು ಶುರು ಮಾಡಿದವು. ಪಿಒಎಂಸಿ ಕೋಶಗಳ ಪರಿಣಾಮ ಕಾಣಲು ಅವುಗಳನ್ನು ಸುಮಾರು 24 ಗಂಟೆ ಚಾಲೂ ಇಡಬೇಕಾಯಿತು. ಹಸಿವು ನಿಮಿಷದಲ್ಲಿ ಏಳುತ್ತದೆ, ಈ ತೃಪ್ತಿ ನಿಧಾನ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅದಕ್ಕೂ ಮುಂಚೆ, 2005ರಲ್ಲಿ, ಬೆಳೆದ ಇಲಿಗಳಲ್ಲಿ ಎಜಿಆರ್‌ಪಿ ಕೋಶಗಳನ್ನು ನಾಶ ಮಾಡಿದಾಗ ಅವು ತಿನ್ನುವುದನ್ನೇ ನಿಲ್ಲಿಸಿ ಉಪವಾಸ ಬಿದ್ದಿದ್ದವು. ಈ ಕೋಶಗಳು ಶತ್ರು ಅಲ್ಲ. ನಮ್ಮನ್ನು ಬದುಕಿಸಿಟ್ಟಿರುವುದೇ ಅವು.

ಅವುಗಳಿಗೆ ಸುದ್ದಿ ಎಲ್ಲಿಂದ ಬರುತ್ತದೆ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಗಮನ ಕೊಡಬೇಕಾದದ್ದು ಇಲ್ಲಿ. ಈ ಕೋಶಗಳು ಮೂರು ಗಡಿಯಾರ ನೋಡುತ್ತವೆ ಅಂತ ಇಟ್ಟುಕೊಳ್ಳಿ.

ಒಂದು, ನಿಮಿಷಗಳ ಗಡಿಯಾರ. ಹೊಟ್ಟೆ ಹಿಗ್ಗಿದ್ದು, ಕರುಳಿಗೆ ಕೊಬ್ಬು ಮತ್ತು ಪ್ರೋಟೀನ್ ಬಂದು ತಲುಪಿದ್ದು, ಇವೆಲ್ಲ ವೇಗಸ್ ಎಂಬ ನರದ ಮೂಲಕ ಮೆದುಳಿಗೆ ಹೋಗುತ್ತವೆ. ಈ ನರದ ಎಳೆಗಳಲ್ಲಿ ಸುಮಾರು ಶೇ 80 ಒಳಗಿನ ಅಂಗಗಳಿಂದ ಮೆದುಳಿಗೆ ಸುದ್ದಿ ಒಯ್ಯುವಂಥವು. ಜೊತೆಗೆ ಕರುಳು ಸಿಸಿಕೆ, ಜಿಎಲ್‌ಪಿ-1 ಎಂಬ, ಹೊಟ್ಟೆ ತುಂಬಿತು ಅಂತ ತಿಳಿಸುವ ಹಾರ್ಮೋನುಗಳನ್ನೂ ಬಿಡುತ್ತದೆ.

ಎರಡು, ಗಂಟೆಗಳ ಗಡಿಯಾರ. ಖಾಲಿ ಹೊಟ್ಟೆ ಗ್ರೆಲಿನ್ ಎಂಬ, ಹಸಿವು ಏರಿಸುವ ಹಾರ್ಮೋನು ಬಿಡುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅದನ್ನು ಕಂಡುಹಿಡಿದರು. ಊಟಕ್ಕೆ ಮುಂಚೆ ಏರುತ್ತದೆ, ಊಟದ ನಂತರ ಗಂಟೆಯೊಳಗೆ ಇಳಿಯುತ್ತದೆ.

ಮೂರನೆಯದು ವಾರಗಳ, ತಿಂಗಳುಗಳ ಗಡಿಯಾರ, ಮತ್ತು ಇದರ ಕಥೆ ನನಗೆ ತುಂಬ ಇಷ್ಟ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಿನಿಂದಲೇ ವಿಪರೀತ ತಿಂದು ದಪ್ಪಗಾಗುವ ಇಲಿಗಳಿದ್ದವು. ಡಗ್ಲಸ್ ಕೋಲ್ಮನ್ ಅಂಥ ಒಂದು ಇಲಿಯ ರಕ್ತನಾಳಗಳನ್ನು ಮಾಮೂಲಿ ಇಲಿಯ ರಕ್ತನಾಳಗಳ ಜೊತೆ ಸೇರಿಸಿದರು. ದಪ್ಪ ಇಲಿ ಕಡಿಮೆ ತಿನ್ನಲು ಶುರು ಮಾಡಿತು! ಅಂದರೆ ಮಾಮೂಲಿ ಇಲಿಯ ರಕ್ತದಲ್ಲಿ "ಸಾಕು" ಅನ್ನುವ ಏನೋ ಒಂದು ಇರಲೇಬೇಕು. ಆ "ಏನೋ" 1994ರಲ್ಲಿ ಜೆಫ್ರಿ ಫ್ರೀಡ್ಮನ್ ಕೈಗೆ ಸಿಕ್ಕಿತು. ಅದೇ ಲೆಪ್ಟಿನ್. ಅದನ್ನು ತಯಾರಿಸುವುದು ನಮ್ಮ ಮೈಯ ಕೊಬ್ಬೇ. ಕೊಬ್ಬು ಜಾಸ್ತಿ ಇದ್ದರೆ ಲೆಪ್ಟಿನ್ ಜಾಸ್ತಿ, ಕರಗಿದರೆ ಕಡಿಮೆ. ಲೆಪ್ಟಿನ್ ಹುಟ್ಟಿನಿಂದಲೇ ಇಲ್ಲದ ಮಕ್ಕಳೂ ಇದ್ದಾರೆ, ತೀರಾ ಅಪರೂಪ. 1999ರಲ್ಲಿ ವರದಿಯಾದ ಅಂಥ ಒಬ್ಬ 9 ವರ್ಷದ ಹುಡುಗಿಯ ತೂಕ 94 ಕೆಜಿ ಇತ್ತು. ಲೆಪ್ಟಿನ್ ಇಂಜೆಕ್ಷನ್ ಕೊಟ್ಟ ಮೇಲೆ ಹಸಿವು ಹತೋಟಿಗೆ ಬಂದು 12 ತಿಂಗಳಲ್ಲಿ 16 ಕೆಜಿ ಇಳಿದಳು. ಆ ಮಗುವಿಗೆ ಅಲ್ಲಿಯವರೆಗೆ ಎಷ್ಟು ಜನ "ತಿನ್ನುಬಾಕಿ" ಅಂದಿರಬಹುದು ಅಂತ ಯೋಚಿಸಿದರೆ ಬೇಜಾರಾಗುತ್ತದೆ.

ಹಾಗಾದರೆ ದಪ್ಪ ಇರುವವರಿಗೆಲ್ಲ ಲೆಪ್ಟಿನ್ ಕೊಟ್ಟರೆ ಆಯಿತಲ್ವಾ? ಇಲ್ಲ. ಅವರ ಮೈಯಲ್ಲಿ ಲೆಪ್ಟಿನ್ ಈಗಾಗಲೇ ಧಾರಾಳ ಇರುತ್ತದೆ, ಮೆದುಳು ಅದಕ್ಕೆ ಅಷ್ಟಾಗಿ ಸ್ಪಂದಿಸುತ್ತಿರುವುದಿಲ್ಲ.

ಈಗ ಮಾಡಬೇಕಾದ್ದಕ್ಕೆ ಬರೋಣ.

ಮೊದಲ ಎರಡು ವಾರ: ಏನೂ ಬದಲಿಸಬೇಡಿ, ಬರೆದಿಡಿ

ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ತಿನ್ನಬೇಕು ಅನ್ನಿಸಿದಾಗಲೆಲ್ಲ ಒಂದು ಸಾಲು. ಎಷ್ಟು ಹೊತ್ತು, ಹಿಂದಿನ ಊಟ ಆಗಿ ಎಷ್ಟು ಗಂಟೆ, ಹಿಂದಿನ ರಾತ್ರಿ ಎಷ್ಟು ನಿದ್ದೆ, ಎದುರಿಗೆ ತಿಂಡಿ ಕಾಣುತ್ತಿತ್ತಾ. ಕ್ಯಾಲೊರಿ ಲೆಕ್ಕ ಬೇಡವೇ ಬೇಡ. ಕೊನೆಗೆ ಒಂದು ಪ್ರಶ್ನೆ: "ಈಗ ಏನು ಕೊಟ್ಟರೂ ತಿನ್ನುತ್ತೇನಾ, ಇಲ್ಲ ಅದೇ ಬೇಕಾ?" ಏನಾದರೂ ಸರಿ ಅನ್ನಿಸಿದರೆ ಅದು ಹೆಚ್ಚಾಗಿ ಹೊಟ್ಟೆಯ ಹಸಿವು. ಅದೇ ಸಿಹಿ, ಅದೇ ಕರಿದದ್ದೇ ಬೇಕು ಅನ್ನಿಸಿದರೆ ಅದು ಬಾಯಿಚಪಲ, ಇದಕ್ಕೆ ಮೆದುಳಿನ ಬೇರೆ ಭಾಗಗಳೂ ಸೇರಿರುತ್ತವೆ. ತಪ್ಪೇನಲ್ಲ. ಯಾವುದು ಯಾವಾಗ ಬರುತ್ತದೆ ಅಂತ ಕಣ್ಣಿಗೆ ಕಾಣಬೇಕು, ಅಷ್ಟೇ. ಎರಡು ವಾರದಲ್ಲಿ ಒಂದು ಮಾದರಿ ತಾನಾಗಿಯೇ ಕಾಣುತ್ತದೆ.

ಒಂದು ಎಚ್ಚರಿಕೆ. ಹಿಂದೆ ಎಂದಾದರೂ ಊಟ ಬಿಡುವ, ತಿಂದು ವಾಂತಿ ಮಾಡುವ ಅಥವಾ ತಡೆಯಿಲ್ಲದೆ ತಿನ್ನುವ ಕಾಯಿಲೆ ಇದ್ದವರು ಈ ಪುಸ್ತಕ ಇಡಬೇಡಿ. ಲೆಕ್ಕ ಇಡುವುದೇ ಆ ಕಾಯಿಲೆಯನ್ನು ಮತ್ತೆ ಕೆದಕಬಹುದು. ವೈದ್ಯರ ಜೊತೆ ಮಾತಾಡಿ.

ಸುದ್ದಿ ತಲುಪಲು ಸಮಯ ಕೊಡಿ

ಹೊಟ್ಟೆ, ಕರುಳುಗಳ ಸುದ್ದಿ ಮೆದುಳಿಗೆ ತಲುಪಿ "ಸಾಕು" ಅನ್ನಿಸಲು ಸ್ವಲ್ಪ ಹೊತ್ತು ಬೇಕು. 15–20 ನಿಮಿಷ ಅಂತ ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿದರೆ ಆ ಸುದ್ದಿ ಬರುವ ಮುಂಚೆಯೇ ಎರಡನೇ ಸಲ ಬಡಿಸಿಕೊಂಡಿರುತ್ತೀರಿ. ಆದ್ದರಿಂದ ಒಮ್ಮೆ ಬಡಿಸಿಕೊಂಡದ್ದು ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತಿರಿ. ಆಮೇಲೂ ಹಸಿವಿದ್ದರೆ ಧಾರಾಳವಾಗಿ ತಿನ್ನಿ.

ಇದು ಬರೀ ಶಿಸ್ತಿನ ಮಾತಲ್ಲ, ಎಂಥ ಆಹಾರ ಅನ್ನುವುದೂ ಮುಖ್ಯ. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಆಸ್ಪತ್ರೆಯಲ್ಲಿಟ್ಟು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ಆಹಾರ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟಿತು. ಎರಡರಲ್ಲೂ ಮುಂದಿಟ್ಟ ಸಕ್ಕರೆ, ಕೊಬ್ಬು, ನಾರು, ಕ್ಯಾಲೊರಿ ಸರಿಸುಮಾರು ಒಂದೇ. ಬೇಕಾದಷ್ಟು ತಿನ್ನಿ ಅಂದರು. ಪ್ಯಾಕೆಟ್ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಮತ್ತು ಬೇಗ ಬೇಗ ತಿಂದರು. ಮೆತ್ತಗಿರುವುದು, ಅಗಿಯುವ ಕೆಲಸವೇ ಇಲ್ಲದ್ದು ಕೋಶಗಳ ಲೆಕ್ಕಕ್ಕೆ ಸಿಗುವ ಮುಂಚೆಯೇ ಒಳಗೆ ಹೋಗಿಬಿಡುತ್ತದೆ ಅಂತ ನನಗನ್ನಿಸುತ್ತದೆ.

ಸಿಹಿ ಪಾನೀಯಗಳದ್ದು ಇನ್ನೂ ಕಷ್ಟ. 2000ದಲ್ಲಿ ಪ್ರಕಟವಾದ ಬೇರೊಂದು ಪ್ರಯೋಗದಲ್ಲಿ ಒಂದೇ ಗುಂಪಿನ ಜನರಿಗೆ ಒಂದು ತಿಂಗಳು ದಿನಕ್ಕೆ 450 ಕ್ಯಾಲೊರಿ ಮಿಠಾಯಿ ರೂಪದಲ್ಲಿ, ಇನ್ನೊಂದು ತಿಂಗಳು ಸೋಡಾ ರೂಪದಲ್ಲಿ ಕೊಟ್ಟರು. ಮಿಠಾಯಿ ತಿಂದಾಗ ಉಳಿದ ಊಟ ತಾನಾಗಿಯೇ ಅಷ್ಟು ಕಡಿಮೆಯಾಯಿತು. ಸೋಡಾ ಕುಡಿದಾಗ ಆಗಲಿಲ್ಲ. ಹಾಗಾಗಿ ಒಂದೇ ಒಂದು ಬದಲಾವಣೆ ಮಾಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಸಕ್ಕರೆ ಹಾಕಿದ ಪಾನೀಯ ಬಿಡಿ, ಹಣ್ಣಿನ ರಸದ ಬದಲು ಹಣ್ಣನ್ನೇ ತಿನ್ನಿ.

ತಟ್ಟೆಯಲ್ಲಿ ಪ್ರೋಟೀನ್ ಮತ್ತು ನಾರು ಇರಲಿ. ಕಾಳು, ಬೇಳೆ, ಮೊಟ್ಟೆ, ಮೀನು, ಮೊಸರು, ತರಕಾರಿ, ನಿಮಗೆ ಯಾವುದು ಆಗುತ್ತದೋ ಅದು. ಪ್ರೋಟೀನ್ ಅರಗಿಸಲು ದೇಹ ಅದರ ಕ್ಯಾಲೊರಿಯ ಶೇ 20–30 ಖರ್ಚು ಮಾಡುತ್ತದೆ, ಮತ್ತು ಅದು ಹೊಟ್ಟೆ ತುಂಬಿದ ಭಾವವನ್ನು ಚೆನ್ನಾಗಿ ಕೊಡುತ್ತದೆ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮುಂಚೆ ಕೇಳಿ.

ಕಣ್ಣಿಗೆ ಕಾಣುವುದನ್ನು ಹತೋಟಿಗೆ ತನ್ನಿ

ಎಜಿಆರ್‌ಪಿ ಕೋಶಗಳ ಬಗ್ಗೆ 2015ರಲ್ಲಿ ಒಂದು ವಿಚಿತ್ರ ಗೊತ್ತಾಯಿತು. ಹಸಿದ ಇಲಿಯ ಮುಂದೆ ಆಹಾರ ಇಟ್ಟರೆ ಸಾಕು, ಒಂದು ತುತ್ತೂ ತಿನ್ನುವ ಮುಂಚೆ, ಕೆಲವೇ ಸೆಕೆಂಡುಗಳಲ್ಲಿ ಈ ಕೋಶಗಳು ತಣ್ಣಗಾಗುತ್ತವೆ. ಆಹಾರ ತೆಗೆದುಬಿಟ್ಟರೆ ಮತ್ತೆ ಏಳುತ್ತವೆ. ಅಂದರೆ ಅವು ಊಟ ಆದ ಮೇಲೆ ಲೆಕ್ಕ ಹಾಕುವುದಿಲ್ಲ, ಊಟ ಬರುತ್ತಿದೆ ಅಂತ ಮುಂದಾಗಿ ಊಹಿಸುತ್ತವೆ. ಆಮೇಲೆ ನಡೆದ ಪ್ರಯೋಗಗಳಲ್ಲಿ ಇನ್ನೊಂದು ತಿಳಿಯಿತು. ನಿಜವಾದ ಕ್ಯಾಲೊರಿ ಹೊಟ್ಟೆ ಸೇರಿದರೆ ಮಾತ್ರ ಆ ತಣ್ಣಗಾದದ್ದು ಹಾಗೇ ಉಳಿಯುತ್ತದೆ. ಬರೀ ರುಚಿ ಇದ್ದು ಕ್ಯಾಲೊರಿ ಇಲ್ಲದ್ದನ್ನು ಕೊಟ್ಟರೆ ಬೇಗ ಮತ್ತೆ ಎದ್ದುಬಿಡುತ್ತವೆ. ಇವೆಲ್ಲ ಇಲಿಗಳಲ್ಲಿ ಕಂಡದ್ದು, ಮನುಷ್ಯರ ವಿಷಯದಲ್ಲಿ ಅಷ್ಟೇ ಗಟ್ಟಿಯಾಗಿ ಹೇಳಲಾಗದು. ಆದರೂ ಹಸಿವಿನ ಹೊತ್ತಿಗೆ ನೀರು ಕುಡಿದು, ಚ್ಯೂಯಿಂಗ್ ಗಮ್ ಅಗಿದು ಕೋಶಗಳಿಗೆ ಮೋಸ ಮಾಡಲು ಹೋಗಬೇಡಿ ಅಂತ ನಾನು ಹೇಳುತ್ತೇನೆ. ನಿಜವಾಗಿ ಹಸಿದಿದ್ದರೆ ಊಟ ಮಾಡಿ.

ಹಸಿವಿಲ್ಲದ ಹೊತ್ತಿಗೆ ಮಾತ್ರ ತಿಂಡಿ ಕಣ್ಣಿಗೆ ಬೀಳದಿರಲಿ. ಮೇಜಿನ ಮೇಲಿನ ಡಬ್ಬಿ ಮುಚ್ಚಿದ ಕಪಾಟಿಗೆ ಹೋಗಲಿ. ಎದ್ದು ಹೋಗಿ ತೆಗೆಯಬೇಕಾದರೆ ಯೋಚಿಸಲು ಅರ್ಧ ನಿಮಿಷ ಸಿಗುತ್ತದೆ. ಒಂದೇ ಊಟದಲ್ಲಿ ಬಗೆಬಗೆಯ ತಿನಿಸು ಇದ್ದರೆ ಜನ ಜಾಸ್ತಿ ತಿನ್ನುತ್ತಾರೆ ಅನ್ನುವುದೂ ಚೆನ್ನಾಗಿ ಗೊತ್ತಿರುವ ಸಂಗತಿ, ಹಾಗಾಗಿ ಬಗೆಗಳನ್ನು ತರಕಾರಿಯಲ್ಲಿ ಹೆಚ್ಚಿಸಿ, ಸಿಹಿಯಲ್ಲಿ ಬೇಡ.

ಊಟದ ಹೊತ್ತು ದಿನವೂ ಹೆಚ್ಚುಕಡಿಮೆ ಒಂದೇ ಇರಲಿ. ಗ್ರೆಲಿನ್ ನಿಮ್ಮ ರೂಢಿಯ ಸಮಯಕ್ಕೆ ಏರಲು ಕಲಿಯುತ್ತದೆ.

ನಿದ್ದೆ, ದಯವಿಟ್ಟು ನಿದ್ದೆ

ಇದನ್ನು ಎಲ್ಲರೂ ಓದಿ ಮುಂದಕ್ಕೆ ಹೋಗುತ್ತಾರೆ, ನೀವು ಹೋಗಬೇಡಿ. 2004ರಲ್ಲಿ 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಚೆನ್ನಾಗಿ ಮಲಗಿದ ದಿನಗಳಿಗೆ ಹೋಲಿಸಿದರೆ ಲೆಪ್ಟಿನ್ ಶೇ 18 ಇಳಿದಿತ್ತು, ಗ್ರೆಲಿನ್ ಶೇ 28 ಏರಿತ್ತು, ಹಸಿವು ಶೇ 24 ಜಾಸ್ತಿ. ಎರಡೇ ರಾತ್ರಿಗೆ! ಇನ್ನೂ ಕೆಲಸಕ್ಕೆ ಬರುವ ಸುದ್ದಿ 2022ರದ್ದು. ರಾತ್ರಿ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಜಾಸ್ತಿ ಇದ್ದ 80 ಜನರಲ್ಲಿ ಅರ್ಧ ಜನರಿಗೆ ನಿದ್ದೆ ಹೆಚ್ಚಿಸುವುದನ್ನು ಹೇಳಿಕೊಟ್ಟರು. ಅವರ ನಿದ್ದೆ ಸುಮಾರು 1.2 ಗಂಟೆ ಜಾಸ್ತಿಯಾಯಿತು, ಊಟದ ಬಗ್ಗೆ ಯಾರೂ ಏನೂ ಹೇಳದಿದ್ದರೂ ಉಳಿದ ಅರ್ಧಕ್ಕೆ ಹೋಲಿಸಿದರೆ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ನಿಮ್ಮ ಪುಸ್ತಕದಲ್ಲಿ ಹಸಿವು ಜಾಸ್ತಿ ಇದ್ದ ದಿನಗಳ ಪಕ್ಕ ನಿದ್ದೆಯ ಗಂಟೆ ನೋಡಿ. ಅಲ್ಲೇ ಉತ್ತರ ಇದ್ದರೂ ಇರಬಹುದು. ಮಲಗುವ ಹೊತ್ತನ್ನು ಒಂದೇ ಸಲ ಬದಲಿಸದೆ ಮೂರು ದಿನಕ್ಕೊಮ್ಮೆ 15 ನಿಮಿಷ ಮುಂಚೆ ತನ್ನಿ.

ತೂಕ ಇಳಿಸುವಾಗ ಮೆಟಬಾಲಿಸಂ ಯಾಕೆ ಎದುರು ನಿಲ್ಲುತ್ತದೆ

ಹೈಪೋಥಾಲಮಸ್‌ಗೆ ತಿನ್ನಿಸುವುದು ಮಾತ್ರ ಕೆಲಸವಲ್ಲ, ದೇಹ ಶಕ್ತಿ ಖರ್ಚು ಮಾಡುವುದನ್ನೂ, ಅಂದರೆ ಮೆಟಬಾಲಿಸಂ ಅನ್ನೂ, ಅದೇ ನೋಡಿಕೊಳ್ಳುತ್ತದೆ. ಥೈರಾಯ್ಡ್‌ಗೆ ಎಷ್ಟು ಕೆಲಸ ಮಾಡಬೇಕು ಅಂತ ಹೇಳುವ ಸರಪಳಿ ಶುರುವಾಗುವುದು ಅಲ್ಲಿಂದ. ಶಕ್ತಿಯನ್ನು ಸುಟ್ಟು ಮೈ ಬಿಸಿ ಮಾಡುವ ಕಂದು ಕೊಬ್ಬಿಗೆ ನರಗಳ ಮೂಲಕ ಹೋಗುವ ಆಜ್ಞೆಯೂ ಅಲ್ಲಿಂದಲೇ. ದಿನದ ಒಟ್ಟು ಖರ್ಚಿನಲ್ಲಿ ಶೇ 60–70 ಸುಮ್ಮನೆ ಮಲಗಿದ್ದರೂ ಆಗುವ ಖರ್ಚು, ಹೃದಯ, ಲಿವರ್, ಮೆದುಳು ಇವುಗಳದ್ದು. ಲೆಪ್ಟಿನ್ ಇಳಿದರೆ ಕೋಶಗಳಿಗೆ ಕಾಣುವುದು ಒಂದೇ, ಬರಗಾಲ ಬಂತು ಅಂತ. ನೀವು ಬೇಕಂತಲೇ ಇಳಿಸುತ್ತಿದ್ದೀರಿ ಅಂತ ಅವುಗಳಿಗೆ ಹೇಗೆ ಗೊತ್ತಾಗಬೇಕು, ಹೇಳಿ? ಹಸಿವು ಏರಿಸುತ್ತವೆ, ಖರ್ಚು ಇಳಿಸುತ್ತವೆ. 1944–45ರಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಅಮೆರಿಕದ ಮಿನ್ನೆಸೋಟಾದಲ್ಲಿ 36 ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟಾಗ ಅವರಿಗೆ ಸದಾ ಚಳಿ, ಸುಸ್ತು, ಮತ್ತು ತಲೆಯಲ್ಲಿ ಹಗಲಿರುಳು ಊಟದ್ದೇ ಧ್ಯಾನ. 1995ರಲ್ಲಿ ಲೈಬಲ್, ರೋಸೆನ್‌ಬಾಮ್, ಹಿರ್ಷ್ ಎಂಬ ವಿಜ್ಞಾನಿಗಳು ಅಳೆದು ತೋರಿಸಿದ್ದು ಇನ್ನೂ ಸ್ಪಷ್ಟ. ತೂಕ ಶೇ 10 ಇಳಿದಾಗ ದೇಹದ ಖರ್ಚು, ದೇಹ ಚಿಕ್ಕದಾದದ್ದಕ್ಕೆ ಎಷ್ಟು ಇಳಿಯಬೇಕೋ ಅದಕ್ಕಿಂತ ಜಾಸ್ತಿ ಇಳಿಯಿತು. 2011ರ ಇನ್ನೊಂದು ಅಧ್ಯಯನದಲ್ಲಿ ತೂಕ ಇಳಿಸಿ ಒಂದು ವರ್ಷ ಆದ ಮೇಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.

ಹಾಗಾಗಿ ಮಾಡಬೇಕಾದ್ದು ಹೀಗೆ. ಊಟವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಬೇಡಿ, ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ವಾರಕ್ಕೆ ಅರ್ಧ ಕೆಜಿ ಇಳಿದರೆ ಖುಷಿ ಪಡಿ. ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಮಾಡಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಖರ್ಚು ಇನ್ನಷ್ಟು ಇಳಿಯುತ್ತದೆ. ಮುಟ್ಟು ನಿಂತರೆ ಅಥವಾ ಏರುಪೇರಾದರೆ, ಸದಾ ಚಳಿ ಅನ್ನಿಸಿದರೆ, ಊಟ ತೀರಾ ಕಡಿಮೆಯಾಗಿರಬಹುದು. ಊಟ ಹೆಚ್ಚಿಸಿ, ವೈದ್ಯರಿಗೂ ತೋರಿಸಿ. ತೂಕ ಇಳಿಸಿದ ಮೇಲಿನ ಒಂದು ವರ್ಷವನ್ನು ಮೊದಲಿನಷ್ಟೇ ಮುಖ್ಯ ಅಂತ ಎಣಿಸಿ. ಕೋಶಗಳು ಇನ್ನೂ ಹಳೆಯ ತೂಕ ಕೇಳುತ್ತಿರುತ್ತವೆ.

ಔಷಧಿಯ ಮಾತು

ಔಷಧಿ ತೆಗೆದುಕೊಳ್ಳುವುದು ಸೋಲು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕರುಳಿನ ಜಿಎಲ್‌ಪಿ-1 ರಕ್ತದಲ್ಲಿ ಎರಡು ನಿಮಿಷದಲ್ಲೇ ಅರ್ಧ ಕರಗಿಹೋಗುತ್ತದೆ. ಅದನ್ನೇ ಹೋಲುವ ಸೆಮಾಗ್ಲುಟೈಡ್ ಎಂಬ ಔಷಧಿ ಅರ್ಧ ಕರಗಲು ಸುಮಾರು ಒಂದು ವಾರ ಬೇಕು. ಅದು ಮೆದುಳಿನ ಹಿಂಭಾಗದ ತಳದಲ್ಲಿ ಮತ್ತು ಆರ್ಕ್ಯುಯೇಟ್ ಮೂಲೆಯಲ್ಲಿ ಕೆಲಸ ಮಾಡಿ ಹಸಿವು ಕಡಿಮೆ ಮಾಡುತ್ತದೆ. ದೊಡ್ಡ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಸುಮಾರು ಶೇ 15 ತೂಕ ಇಳಿಯಿತು. ಔಷಧಿ ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂತು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ ತೊಂದರೆಗಳು. ಯಾರದೋ ಚೀಟಿ ತೋರಿಸಿ, ಇಲ್ಲವೇ ಆನ್‌ಲೈನಿನಲ್ಲಿ ಸಿಕ್ಕಿದ್ದನ್ನು ಚುಚ್ಚಿಕೊಳ್ಳಬೇಡಿ. ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಬರೆದುಕೊಡಬೇಕು.

ಇನ್ನು ಕೆಲವು ಸಂದರ್ಭದಲ್ಲಿ ಮೇಲಿನ ಯಾವುದನ್ನೂ ಪ್ರಯೋಗ ಮಾಡುತ್ತಾ ಕೂರದೆ ನೇರ ವೈದ್ಯರ ಹತ್ತಿರ ಹೋಗಿ. ಪ್ರಯತ್ನ ಇಲ್ಲದೆ ತೂಕ ಇಳಿಯುತ್ತಿದ್ದರೆ, ಹಸಿವಿನ ಜೊತೆ ವಿಪರೀತ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ ಇದ್ದರೆ, ಹೊಸ ಔಷಧಿ ಶುರು ಮಾಡಿದ ಮೇಲೆ ಹಸಿವು ದಿಢೀರನೆ ಏರಿದ್ದರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ಕೇಳದೆ ಊಟ ಕಡಿಮೆ ಮಾಡಬಾರದು. ಮತ್ತೆ, ಮಗುವೊಂದು ಹಸುಗೂಸಾಗಿದ್ದಾಗಿನಿಂದಲೂ ಎಷ್ಟು ತಿಂದರೂ ಅಳುತ್ತಿದ್ದರೆ, ತೂಕ ವಿಪರೀತ ಏರುತ್ತಿದ್ದರೆ, ಅದನ್ನು ಗದರಿಸಬೇಡಿ. ಎಂಸಿ4 ಸ್ವಿಚ್‌ನ ಜೀನ್‌ನಲ್ಲೇ ದೋಷ ಇರುವ ಮಕ್ಕಳಿದ್ದಾರೆ, ಲೆಪ್ಟಿನ್ ಇಲ್ಲದ ಮಕ್ಕಳೂ ಇದ್ದಾರೆ. ಮಕ್ಕಳ ಹಾರ್ಮೋನು ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ಜೀನ್ ಪರೀಕ್ಷೆ ಬೇಕಾ ಅಂತ ಬಾಯಿಬಿಟ್ಟು ಕೇಳಿ.